ಕೈಪಿಡಿಯ ಕೊನೆಯ ಎರಡು ಸಾಲು

ಕೆಲವು ವರ್ಷಗಳ ಹಿಂದೆ ಮಲೆನಾಡಿನ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿಯೊಬ್ಬರು ಫೋನ್ ಮಾಡಿದ್ದರು. ನಾವು ಹದಿನಾಲ್ಕು ಮಂದಿ ಗೆಳೆಯರು ಭಾನುವಾರಗಳಲ್ಲಿ ಕೂತು ಬರೆದಿದ್ದ ಕೈಪಿಡಿ ಅವರ ಕೈಗೆ ಸಿಕ್ಕಿತ್ತು. ಕಂಪ್ಯೂಟರಿಗೆ ಲಿನಕ್ಸ್ ಹಾಕುವುದು, ಕನ್ನಡ ಕೀಲಿಮಣೆ ಹೊಂದಿಸುವುದು, ಲಿಬ್ರೆಆಫೀಸಿನಲ್ಲಿ ಪತ್ರ ಬರೆಯುವುದು, ಪ್ರಿಂಟರ್ ಮಾತು ಕೇಳದಿದ್ದರೆ ಏನು ಮಾಡುವುದು, ಎಲ್ಲವೂ ಕನ್ನಡದಲ್ಲಿ.

"ತುಂಬಾ ಉಪಯೋಗ ಆಯ್ತು ಸರ್. ಇದನ್ನೇ ಪುಸ್ತಕ ಮಾಡಿ ತಾಲ್ಲೂಕಿನ ಎಲ್ಲಾ ಶಾಲೆಗೂ ಕೊಡೋಣ ಅಂತಿದ್ದೀವಿ. ಹಳೇ ಚಿತ್ರ ತೆಗೆದು ನಮ್ಮ ಲ್ಯಾಬಿನ ಚಿತ್ರ ಹಾಕ್ತೀವಿ. ಮಕ್ಕಳಿಗೆ ಕಷ್ಟ ಆಗೋ ಕಡೆ ಸುಲಭ ಮಾಡಿ ಬರೀತೀವಿ. ಅಚ್ಚಿನ ಖರ್ಚು ಮಾತ್ರ ತಗೊಳ್ತೀವಿ. ಪ್ರೆಸ್ಸಿನವರು ನಿಮ್ಮಿಂದ ಒಂದು ಪತ್ರ ಕೇಳ್ತಿದ್ದಾರೆ" ಎಂದರು.

"ಅದಕ್ಕೇನಂತೆ ಮೇಡಂ, ಧಾರಾಳವಾಗಿ ಮಾಡಿ" ಎಂದೆ. ಪತ್ರ ಬರೆಯಲು ಕೂತಾಗ ಕೈ ತಡೆಯಿತು. ಹದಿನಾಲ್ಕು ಮಂದಿ ಬರೆದದ್ದಕ್ಕೆ ನಾನೊಬ್ಬ ಒಪ್ಪಿಗೆ ಕೊಡುವುದು ಹೇಗೆ? ಕೈಪಿಡಿಯ ಕೊನೆಯ ಪುಟ ತೆರೆದು ನೋಡಿದೆ. ಅಲ್ಲಿ ನಾವೇ ಬರೆದಿದ್ದ ಒಂದು ಸಾಲಿತ್ತು: ಇದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಿಕೊಳ್ಳಬಹುದು. ಬರೆದಾಗ ಬಹಳ ಉದಾರವಾಗಿ ಕಂಡಿದ್ದ ಸಾಲು. ಈಗ ಓದಿದರೆ ಶಿಕ್ಷಕಿ ಕೇಳಿದ ಯಾವ ಪ್ರಶ್ನೆಗೂ ಅದರಲ್ಲಿ ಉತ್ತರವಿರಲಿಲ್ಲ. 'ಬಳಸಿಕೊಳ್ಳುವುದು' ಎಂದರೆ ಓದುವುದೇ, ಅಚ್ಚು ಹಾಕುವುದೇ, ತಿದ್ದುವುದೇ? 'ಉಚಿತವಾಗಿ' ಎಂದರೆ ಅವರು ನಮಗೆ ದುಡ್ಡು ಕೊಡಬೇಕಿಲ್ಲ ಎಂದೇ, ಅಥವಾ ಅವರು ಯಾರಿಂದಲೂ ದುಡ್ಡು ತೆಗೆದುಕೊಳ್ಳಬಾರದು ಎಂದೇ?

ಆ ಪತ್ರ ಬರೆಯಲು ನಮಗೆ ಹತ್ತು ತಿಂಗಳು ಹಿಡಿಯಿತು. ಆ ಹತ್ತು ತಿಂಗಳಲ್ಲಿ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಕನ್ನಡದಲ್ಲಿ ತಂತ್ರಾಂಶದ ಕೈಪಿಡಿ, ಸಹಾಯ ಪುಟ, ಪಾಠಗಳನ್ನು ಬರೆಯುವ ಗುಂಪುಗಳು ಇನ್ನೂ ಹುಟ್ಟುತ್ತಲೇ ಇವೆ. ಅವರು ಮೊದಲ ಭಾನುವಾರವೇ ಕೂತು ಮಾತಾಡಬೇಕಾದ ವಿಷಯ ಇದು.

ಮೊದಲು ಕಾನೂನು. ಬರೆದ ಕ್ಷಣದಲ್ಲೇ ಬರಹಕ್ಕೆ ಹಕ್ಕುಸ್ವಾಮ್ಯ ಹುಟ್ಟುತ್ತದೆ. ನೋಂದಣಿ ಬೇಡ, ವೃತ್ತದೊಳಗಿನ ಸಿ ಗುರುತೂ ಬೇಡ. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಅದು ಬರೆದವರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮೇಲೆ 60 ವರ್ಷ ಉಳಿಯುತ್ತದೆ. ಅಂದರೆ ಏನನ್ನೂ ಹೇಳದೆ ಬಿಟ್ಟ ಬರಹ ಎಲ್ಲರದ್ದಾಗುವುದಿಲ್ಲ, ಬೀಗ ಹಾಕಿದ ಬರಹವಾಗುತ್ತದೆ. ತರಗತಿಯ ಪಾಠಕ್ಕೆ ಜೆರಾಕ್ಸ್ ಮಾಡಿ ಹಂಚಲು ಶಿಕ್ಷಕರಿಗೆ ಕಾಯ್ದೆಯಲ್ಲೇ ಅವಕಾಶವಿದೆ. 2016ರಲ್ಲಿ ದಿಲ್ಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಪ್ರಕರಣದಲ್ಲಿ ದಿಲ್ಲಿ ಹೈಕೋರ್ಟು ಆ ಅವಕಾಶವನ್ನು ವಿಶಾಲವಾಗಿಯೇ ಓದಿತು. ಆದರೆ ತಿದ್ದಿ, ಹೊಸ ಪುಸ್ತಕವಾಗಿ ಅಚ್ಚು ಹಾಕಿ, ಬೆಲೆ ಇಟ್ಟು ಹಂಚುವುದು ಬೇರೆ ಮಾತು. ಅದಕ್ಕೆ ಬರೆದವರ ಪರವಾನಗಿ ಬೇಕೇ ಬೇಕು.

ಹಾಗಾದರೆ ನಮ್ಮ ಆ ಒಂದು ಸಾಲು ಪರವಾನಗಿ ಅಲ್ಲವೇ? ಒಂದು ಬಗೆಯಲ್ಲಿ ಹೌದು. ಆದರೆ ನಮ್ಮ ಕಾಯ್ದೆಯ 19ನೇ ಕಲಮಿನಲ್ಲಿ ಒಂದು ಮಾತಿದೆ, ಅದನ್ನು ಓದಿದ ದಿನ ನನಗೆ ನಿಜಕ್ಕೂ ದಿಗಿಲಾಯಿತು. ಹಕ್ಕನ್ನು ಬರೆದುಕೊಡುವಾಗ ಎಷ್ಟು ಕಾಲಕ್ಕೆ ಎಂದು ಹೇಳದಿದ್ದರೆ ಅದು 5 ವರ್ಷಕ್ಕೆ ಎಂದು, ಎಲ್ಲಿಗೆ ಎಂದು ಹೇಳದಿದ್ದರೆ ಭಾರತದೊಳಗೆ ಮಾತ್ರ ಎಂದು ಭಾವಿಸತಕ್ಕದ್ದು. 30ಎ ಕಲಮು ಇದನ್ನು ತಕ್ಕ ಮಾರ್ಪಾಡುಗಳೊಂದಿಗೆ ಪರವಾನಗಿಗಳಿಗೂ ಅನ್ವಯಿಸುತ್ತದೆ. ಎಲ್ಲರಿಗೂ ಎಂದೆಂದಿಗೂ ಎಂದುಕೊಂಡು ಬರೆದ ನಮ್ಮ ಸಾಲನ್ನು ಐದು ವರ್ಷಕ್ಕೆ, ಈ ದೇಶದ ಗಡಿಯೊಳಗೆ ಎಂದು ಓದಲು ದಾರಿ ಇತ್ತು. ನುರಿತವರು ಬರೆದ ಮುಕ್ತ ಪರವಾನಗಿಗಳಲ್ಲಿ ಈ ತೊಡಕು ಬಾರದಂತೆ ಮೊದಲೇ ಕಟ್ಟಿರುತ್ತಾರೆ. ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆಯ ಪರವಾನಗಿಗಳ 4.0 ಆವೃತ್ತಿ ತಾನು ಜಗತ್ತಿಗೆಲ್ಲ ಅನ್ವಯಿಸುತ್ತೇನೆ, ಹಕ್ಕುಸ್ವಾಮ್ಯ ಇರುವಷ್ಟು ಕಾಲ ಇರುತ್ತೇನೆ, ಕೊಟ್ಟವರು ಹಿಂದಕ್ಕೆ ಪಡೆಯುವಂತಿಲ್ಲ ಎಂದು ಬಿಡಿಸಿ ಹೇಳುತ್ತದೆ. ಸ್ವಂತ ಮಾತಿನಲ್ಲಿ ಪರವಾನಗಿ ಬರೆಯಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ನಮ್ಮ ಮನಸ್ಸು ದೊಡ್ಡದಿದ್ದರೂ ವಾಕ್ಯ ಚಿಕ್ಕದಾಗಿಬಿಡುತ್ತದೆ.

ತಂತ್ರಾಂಶವೇ ಮುಕ್ತವಾಗಿರುವಾಗ ಅದರ ಕೈಪಿಡಿಗೇಕೆ ಬೇರೆ ಚಿಂತೆ ಎಂದು ನಮ್ಮಲ್ಲಿ ಹಲವರು ಕೇಳಿದರು. ಇದು ಹಳೆಯ ಪ್ರಶ್ನೆ. ಮುಕ್ತ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ ತಮ್ಮ ಒಂದು ಪ್ರಬಂಧದಲ್ಲಿ ಪರ್ಲ್ ಭಾಷೆ ಕಲಿಯಲು ಹೊರಟ ಅನುಭವ ಹೇಳಿದ್ದಾರೆ. ಪರ್ಲ್ ಮುಕ್ತ. ಅದರ ಜೊತೆ ಬಂದ ಮುಕ್ತ ಕೈಪಿಡಿ ಓದಲು ಕಷ್ಟ. ಚೆನ್ನಾಗಿರುವ ಪುಸ್ತಕಗಳು ಇದ್ದವು, ಆದರೆ ಅವು ಮುಕ್ತವಾಗಿರಲಿಲ್ಲ. ಪ್ರೋಗ್ರಾಮನ್ನು ಯಾರು ಬೇಕಾದರೂ ತಿದ್ದಬಹುದು, ಆದರೆ ತಿದ್ದಿದ ಮೇಲೆ ಅದಕ್ಕೆ ತಕ್ಕಂತೆ ಕೈಪಿಡಿಯನ್ನು ತಿದ್ದುವಂತಿಲ್ಲ ಎಂದರೆ ಆ ಸ್ವಾತಂತ್ರ್ಯ ಅರ್ಧದಲ್ಲೇ ನಿಂತ ಹಾಗೆ ಎಂಬುದು ಅವರ ವಾದ. ಸರಿಯಾದ ವಾದ.

ಆ ವಾದದಿಂದ ಹುಟ್ಟಿದ್ದು 2000ದಲ್ಲಿ ಬಂದ ಗ್ನೂ ಮುಕ್ತ ದಾಖಲೆ ಪರವಾನಗಿ, ಎಲ್ಲರ ಬಾಯಲ್ಲಿ ಜಿಎಫ್‌ಡಿಎಲ್. ಕೈಪಿಡಿಗೆಂದೇ ಬರೆದದ್ದು. ಪುಸ್ತಕ ಪ್ರಕಾಶಕರೂ ಇದನ್ನು ಒಪ್ಪಿ ಮುಕ್ತ ಕೈಪಿಡಿಗಳನ್ನು ಅಚ್ಚು ಹಾಕಲಿ ಎಂಬ ಆಸೆ ಅದರ ಹಿಂದಿತ್ತು. ಅದಕ್ಕಾಗಿ ಕೆಲವು ಅನುಕೂಲಗಳನ್ನು ಸೇರಿಸಿದರು: ರಕ್ಷಾಪುಟದ ಮೇಲೆ ಇಂಥ ಮಾತು ಇರಲೇಬೇಕು ಎಂದು ಹೇಳಬಹುದು, ಕೆಲವು ಭಾಗಗಳನ್ನು ಯಾರೂ ಬದಲಾಯಿಸಬಾರದು ಎಂದು ಗುರುತು ಹಾಕಬಹುದು. ಕೈಪಿಡಿ ಎಲ್ಲಿಗೆ ಹೋದರೂ ಪರವಾನಗಿಯ ಪೂರ್ತಿ ಪಠ್ಯ ಅದರ ಜೊತೆ ಹೋಗಬೇಕು.

ಇದನ್ನು ನಮ್ಮ ಶಿಕ್ಷಕಿಯ ಪುಸ್ತಕಕ್ಕೆ ಹಚ್ಚಿ ನೋಡಿ. ಕೈಪಿಡಿಯ ಎರಡೇ ಪುಟ ತೆಗೆದು ಕರಪತ್ರ ಮಾಡಿ ಲ್ಯಾಬಿನಲ್ಲಿ ಹಂಚಬೇಕೆಂದರೂ ಅದರ ಬೆನ್ನಿಗೆ ಹಲವು ಪುಟಗಳ ಇಂಗ್ಲಿಷ್ ಕಾನೂನು ಪಠ್ಯ ಕಟ್ಟಬೇಕು. ದಪ್ಪ ಪುಸ್ತಕಕ್ಕೆ ಅದು ಭಾರವಲ್ಲ, ಕರಪತ್ರಕ್ಕೆ ಭಾರ. ಪುಸ್ತಕದ ಲೋಕವನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ಪರವಾನಗಿ ಚೂರುಚೂರಾಗಿ ಓಡಾಡುವ ಪಠ್ಯಕ್ಕೆ ಹೊಂದಲಿಲ್ಲ.

ಬದಲಾಯಿಸಬಾರದ ಭಾಗಗಳು ತಂದ ಪೇಚು ಇನ್ನೂ ದೊಡ್ಡದು. ಡೆಬಿಯನ್ ಎಂಬ ಲಿನಕ್ಸ್ ಸಮುದಾಯ ಏನು ಮುಕ್ತ, ಏನಲ್ಲ ಎಂಬುದನ್ನು ಬಹಳ ಕಟ್ಟುನಿಟ್ಟಾಗಿ ತೂಗುತ್ತದೆ. 2006ರ ಮಾರ್ಚಿನಲ್ಲಿ ಅದರ ಸದಸ್ಯರು ಈ ಬಗ್ಗೆಯೇ ಮತ ಹಾಕಿ ನಿರ್ಧರಿಸಿದರು: ಬದಲಾಯಿಸಬಾರದ ಭಾಗಗಳಿಲ್ಲದ ಜಿಎಫ್‌ಡಿಎಲ್ ಕೈಪಿಡಿ ಮುಕ್ತ, ಅಂಥ ಭಾಗಗಳಿದ್ದರೆ ಅಲ್ಲ. ಸ್ಟಾಲ್‌ಮನ್ ಅವರೇ ಹುಟ್ಟುಹಾಕಿದ ಈಮ್ಯಾಕ್ಸ್ ಎಂಬ ತಂತ್ರಾಂಶದ ಕೈಪಿಡಿಯಲ್ಲಿ ಅಂಥ ಭಾಗಗಳಿದ್ದವು, ಅವರ ಗ್ನೂ ಪ್ರಣಾಳಿಕೆಯೂ ಅವುಗಳಲ್ಲೊಂದು. ಹಾಗಾಗಿ ಈಮ್ಯಾಕ್ಸ್ ಡೆಬಿಯನ್ನಿನ ಮುಖ್ಯ ಭಂಡಾರದಲ್ಲಿ ಉಳಿಯಿತು, ಅದರ ಕೈಪಿಡಿ 'ಮುಕ್ತವಲ್ಲದ' ಕಪಾಟಿಗೆ ಹೋಯಿತು. ಮುಕ್ತ ತಂತ್ರಾಂಶದ ಮಾತನ್ನು ಜಗತ್ತಿಗೆ ಕಲಿಸಿದವರ ಕೈಪಿಡಿಗೇ ಈ ಗತಿ ಬಂತು. ಇದರಲ್ಲಿ ಯಾರದೂ ದುರುದ್ದೇಶವಿಲ್ಲ. ತನ್ನ ಮೌಲ್ಯಗಳ ಮಾತು ಯಾರ ಕೈಯಲ್ಲೂ ತಿರುಚಿಹೋಗಬಾರದು ಎಂಬ ಒಂದು ಪ್ರಾಮಾಣಿಕ ಕಾಳಜಿ, ಎಲ್ಲವೂ ತಿದ್ದಲು ಬರುವಂತಿರಬೇಕು ಎಂಬ ಇನ್ನೊಂದು ಪ್ರಾಮಾಣಿಕ ಕಾಳಜಿಗೆ ಎದುರಾಗಿ ನಿಂತಿತು.

ಇದರ ಜೊತೆ ನಿತ್ಯದ ಕೆಲಸಕ್ಕೆ ತಾಗುವ ತೊಂದರೆಯೂ ಇತ್ತು. ಪ್ರೋಗ್ರಾಮು ಜಿಪಿಎಲ್ ಎಂಬ ಗ್ನೂ ತಂತ್ರಾಂಶ ಪರವಾನಗಿಯಲ್ಲಿ, ಕೈಪಿಡಿ ಜಿಎಫ್‌ಡಿಎಲ್ ಪರವಾನಗಿಯಲ್ಲಿ. ಎರಡೂ ಒಂದೇ ಮನೆಯವು, ಆದರೆ ಒಂದರ ಪಠ್ಯ ಇನ್ನೊಂದರೊಳಗೆ ಬೆರೆಯುವಂತಿಲ್ಲ. ಪ್ರೋಗ್ರಾಮ್ ಬರೆಯುವವರು ಕೋಡಿನ ನಡುವೆಯೇ ಟಿಪ್ಪಣಿ ಬರೆದಿರುತ್ತಾರೆ. ಅದನ್ನೇ ಯಂತ್ರದಿಂದ ಆಯ್ದು ಕೈಪಿಡಿ ಮಾಡಿದರೆ ಕೆಲಸ ಹಗುರ. ಆದರೆ ಟಿಪ್ಪಣಿ ಜಿಪಿಎಲ್ಲಿನದು, ಕೈಪಿಡಿ ಜಿಎಫ್‌ಡಿಎಲ್ಲಿನದು. ಜಿಸಿಸಿ ಕಂಪೈಲರ್ ಬರೆಯುವವರು 2010ರಲ್ಲಿ ಈ ವಿಷಯವನ್ನೇ ಹಿಡಿದು ತಿಂಗಳುಗಟ್ಟಲೆ ಚರ್ಚಿಸಬೇಕಾಯಿತು.

ಜಿಎಫ್‌ಡಿಎಲ್ಲಿನ ಕಥೆ ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣ, ವಿಕಿಪೀಡಿಯ ಶುರುವಾದದ್ದೂ ಅದರಲ್ಲೇ. 2001ರ ಜನವರಿಯಲ್ಲಿ ವಿಕಿಪೀಡಿಯ ಹುಟ್ಟಿದಾಗ ಕ್ರಿಯೇಟಿವ್ ಕಾಮನ್ಸಿನ ಪರವಾನಗಿಗಳೇ ಇರಲಿಲ್ಲ. ಅವು ಬಂದದ್ದು 2002ರ ಡಿಸೆಂಬರಿನಲ್ಲಿ. ಬರಹಕ್ಕೆ ಆಗ ಸಿಗುತ್ತಿದ್ದ ಗಟ್ಟಿ ಮುಕ್ತ ಪರವಾನಗಿ ಎಂದರೆ ಇದೇ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಇದರಡಿಯೇ ಬೆಳೆಯಿತು. ಮುಂದೆ ಜಗತ್ತಿನ ಶಾಲೆ ಕಾಲೇಜುಗಳ ಪಠ್ಯ, ಚಿತ್ರ, ಉಪನ್ಯಾಸಗಳೆಲ್ಲ ಕ್ರಿಯೇಟಿವ್ ಕಾಮನ್ಸಿನ ಕಡೆ ಹರಿದವು. ವಿಕಿಪೀಡಿಯ ಮಾತ್ರ ಆಚೆ ದಡದಲ್ಲಿ. ಲಕ್ಷಾಂತರ ಮಂದಿ, ಎಷ್ಟೋ ಮಂದಿ ಹೆಸರೂ ಹೇಳದೆ, ಬರೆದ ಪಠ್ಯಕ್ಕೆ ಹೊಸ ಪರವಾನಗಿ ಹಚ್ಚಲು ಯಾರನ್ನು ಕೇಳುವುದು?

ದಾರಿ ಸಿಕ್ಕಿದ್ದು ಒಂದು ಚಿಕ್ಕ ಪದಪುಂಜದಲ್ಲಿ: 'ಅಥವಾ ನಂತರದ ಯಾವುದೇ ಆವೃತ್ತಿ'. ವಿಕಿಪೀಡಿಯದ ಪಠ್ಯಕ್ಕೆ ಆ ಮಾತು ಸೇರಿತ್ತು. ಹಾಗಾಗಿ ಮುಕ್ತ ತಂತ್ರಾಂಶ ಪ್ರತಿಷ್ಠಾನ 2008ರ ನವೆಂಬರಿನಲ್ಲಿ ಜಿಎಫ್‌ಡಿಎಲ್ಲಿನ 1.3ನೇ ಆವೃತ್ತಿ ಹೊರತಂದು ಅದರಲ್ಲಿ ಒಂದು ಕಿಟಕಿ ಇಟ್ಟಿತು. ವಿಕಿಯಂಥ ತಾಣಗಳು 2009ರ ಆಗಸ್ಟ್ 1ರೊಳಗೆ ಕ್ರಿಯೇಟಿವ್ ಕಾಮನ್ಸಿನ ಸಿಸಿ-ಬೈ-ಎಸ್‌ಎ ಪರವಾನಗಿಗೆ ದಾಟಿಕೊಳ್ಳಬಹುದು. ವಿಕಿಮೀಡಿಯ ಸಮುದಾಯದ 17,000ಕ್ಕೂ ಹೆಚ್ಚು ಮಂದಿ ಮತ ಹಾಕಿದರು, ನಾಲ್ಕರಲ್ಲಿ ಮೂರು ಪಾಲು ಒಪ್ಪಿದರು. 2009ರ ಜೂನಿನಲ್ಲಿ ವಿಕಿಪೀಡಿಯ ದಾಟಿತು, ಕನ್ನಡವೂ ಜೊತೆಗೇ. ಕಿಟಕಿ ಮುಚ್ಚಿತು. ದಾಟದೆ ಉಳಿದವರು ಅಲ್ಲೇ ಉಳಿದರು. ಲಿನಕ್ಸ್ ಬಳಸುವವರು ದಿನಾ ತಡಕಾಡುವ ಆರ್ಚ್‌ವಿಕಿ ಇವತ್ತಿಗೂ ಜಿಎಫ್‌ಡಿಎಲ್ಲಿನಲ್ಲಿದೆ. ಅಷ್ಟು ಒಳ್ಳೆಯ ಪಠ್ಯದ ಒಂದು ಪ್ಯಾರಾವನ್ನು ಅನುವಾದಿಸಿ ಕನ್ನಡ ವಿಕಿಪೀಡಿಯಕ್ಕೆ ಹಾಕಬೇಕೆಂದರೂ ಹಾಗೇ ಹಾಕುವಂತಿಲ್ಲ.

ಇಲ್ಲಿಂದ ನಾನು ಕಲಿತದ್ದು, ಪರವಾನಗಿಯನ್ನು ಅದರ ಗುಣಾವಗುಣ ನೋಡಿ ಮಾತ್ರ ಆರಿಸಬಾರದು, ನೆರೆಹೊರೆ ನೋಡಿ ಆರಿಸಬೇಕು. ನಮ್ಮ ಪಠ್ಯ ಎಲ್ಲಿಂದ ಕಡ ತರುತ್ತದೆ, ಎಲ್ಲಿಗೆ ಕಡ ಕೊಡಬೇಕು? ಕನ್ನಡದ ಕೈಪಿಡಿಗೆ ದೊಡ್ಡ ನೆರೆಮನೆ ಎಂದರೆ ವಿಕಿಪೀಡಿಯ ಮತ್ತು ವಿಕಿಸೋರ್ಸ್. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು ಸಿಸಿ-ಬೈ-ಎಸ್‌ಎ ಅಡಿ ಬಿಡುಗಡೆ ಮಾಡಿದ್ದರಿಂದ ಆ ಕೇರಿ ಇನ್ನಷ್ಟು ತುಂಬಿತು. ಕನ್ನಡದಲ್ಲಿ ತಾಂತ್ರಿಕ ಬರಹ ಬರೆಯುವವರು ಕಡಿಮೆ. ಇರುವ ಸ್ವಲ್ಪ ಪಠ್ಯವೂ ಬೇರೆ ಬೇರೆ ಬೇಲಿಗಳೊಳಗೆ ಸಿಕ್ಕಿಕೊಂಡರೆ ಒಂದೇ ಪಾಠವನ್ನು ನಾಲ್ಕು ಗುಂಪುಗಳು ನಾಲ್ಕು ಸಲ ಬರೆಯುತ್ತವೆ. ಇಂಗ್ಲಿಷಿಗೆ ಆ ನಷ್ಟ ತಡೆದುಕೊಳ್ಳುವ ಶಕ್ತಿ ಇದೆ. ನಮಗಿಲ್ಲ.

ಸಿಸಿ-ಬೈ-ಎಸ್‌ಎ ಹೇಳುವುದು ಎರಡೇ ಮಾತು: ಬರೆದವರ ಹೆಸರು ಹೇಳಿ, ತಿದ್ದಿ ಹಂಚಿದರೆ ಇದೇ ಷರತ್ತಿನಲ್ಲಿ ಹಂಚಿ. ಅಚ್ಚು ಹಾಕಬಹುದು, ಬದಲಾಯಿಸಬಹುದು, ಬೆಲೆಯನ್ನೂ ಇಡಬಹುದು. ಪರವಾನಗಿಯ ಪೂರ್ತಿ ಪಠ್ಯ ಹೊರಬೇಕಿಲ್ಲ, ಅದರ ಕೊಂಡಿ ಕೊಟ್ಟರೆ ಸಾಕು. ಗೊತ್ತಿಲ್ಲದೆ ತಪ್ಪಿದವರು, ತಪ್ಪು ತಿಳಿದ 30 ದಿನದೊಳಗೆ ಸರಿಪಡಿಸಿದರೆ ಹಕ್ಕು ತಾನಾಗಿ ಮರಳುತ್ತದೆ ಎಂಬ ಮಾತು 4.0 ಆವೃತ್ತಿಯಲ್ಲಿ ಸೇರಿದೆ. ಹಳ್ಳಿ ಶಾಲೆಯೊಂದು ಹೆಸರು ಹಾಕುವುದನ್ನು ಮರೆತರೆ ಎಂದು ಯೋಚಿಸುವವರಿಗೆ ಈ ಮಾತಿನ ಬೆಲೆ ಗೊತ್ತಾಗುತ್ತದೆ.

ನಮ್ಮ ಗುಂಪಿನಲ್ಲಿ ನಿಜವಾದ ಜಗಳ ಆದದ್ದು ಬೇರೆ ಕಡೆ. "ಮೇಡಂ ಪುಸ್ತಕ ಮಾಡ್ಲಿ ಕಣಯ್ಯ, ಸಂತೋಷ. ನಾಳೆ ಯಾವನೋ ಕಂಪ್ಯೂಟರ್ ಸೆಂಟರಿನವನು ಇದನ್ನೇ ಮುನ್ನೂರು ರೂಪಾಯಿಗೆ ಮಾರಿದರೆ?" ಎಂದು ಒಬ್ಬ ಗೆಳೆಯ ಪಟ್ಟು ಹಿಡಿದ. ವಾಣಿಜ್ಯ ಬಳಕೆ ಬೇಡ ಎನ್ನುವ ಎನ್‌ಸಿ ಷರತ್ತು ಸೇರಿಸಬೇಕು ಎಂದ. ಅವನ ಕೋಪ ನನಗೆ ಅರ್ಥವಾಗುತ್ತದೆ. ಭಾನುವಾರದ ನಿದ್ದೆ ಬಿಟ್ಟು ಬರೆದದ್ದನ್ನು ಬೇರೆಯವರು ಮಾರಿ ಜೇಬು ತುಂಬಿಕೊಂಡರೆ ಯಾರಿಗೂ ಉರಿಯುತ್ತದೆ.

ಆದರೆ 'ವಾಣಿಜ್ಯ' ಎಲ್ಲಿ ಶುರುವಾಗುತ್ತದೆ? ಅಚ್ಚಿನ ಖರ್ಚು ಪಡೆಯುವ ಶಾಲೆ? ಫೀಸು ತೆಗೆದುಕೊಳ್ಳುವ ಖಾಸಗಿ ಶಾಲೆಯ ಶಿಕ್ಷಕ? ಜಾಹೀರಾತು ಹಾಕಿಕೊಂಡ ಪತ್ರಿಕೆ? ಜರ್ಮನಿಯಲ್ಲಿ ಇಂಥ ಪ್ರಕರಣ ಕೋರ್ಟಿಗೇ ಹೋಯಿತು. ಸಾರ್ವಜನಿಕ ರೇಡಿಯೊ ಡಾಯ್ಚ್‌ಲಾಂಡ್‌ರಾಡಿಯೊ ತನ್ನ ತಾಣದಲ್ಲಿ ಎನ್‌ಸಿ ಷರತ್ತಿನ ಒಂದು ಫೋಟೊ ಹಾಕಿತ್ತು. 2014ರಲ್ಲಿ ಕಲೋನಿನ ಕೆಳಕೋರ್ಟು ಸ್ವಂತ ಖಾಸಗಿ ಬಳಕೆಯಲ್ಲದ್ದೆಲ್ಲ ಈ ಷರತ್ತಿಗೆ ವಿರುದ್ಧ ಎಂಬರ್ಥದ ತೀರ್ಪು ಕೊಟ್ಟಿತು. ಅದೇ ವರ್ಷ ಮೇಲಿನ ಕೋರ್ಟು ಆ ವಿವರಣೆಯನ್ನು ಒಪ್ಪಲಿಲ್ಲ. ಕಾನೂನು ಓದಿದ ನ್ಯಾಯಾಧೀಶರೇ ಒಂದೇ ವರ್ಷದಲ್ಲಿ ಎರಡು ಬಗೆಯಲ್ಲಿ ಓದಿದ ಷರತ್ತನ್ನು ಮಲೆನಾಡಿನ ಪ್ರೆಸ್ಸಿನವರ ಮುಂದಿಟ್ಟು ಅರ್ಥಮಾಡಿಕೊಳ್ಳಿ ಎನ್ನುವುದು ನ್ಯಾಯವಲ್ಲ. ಅವರು ಅಂಜಿ ಅಚ್ಚು ಹಾಕುವುದಿಲ್ಲ, ಅಷ್ಟೆ. ಅಂಜದವನು, ನನ್ನ ಗೆಳೆಯ ಹೆದರುತ್ತಿದ್ದ ಆ ಮುನ್ನೂರು ರೂಪಾಯಿಯವನು, ಪರವಾನಗಿ ಓದುವುದೇ ಇಲ್ಲ. ಷರತ್ತು ತಡೆಯುವುದು ಒಳ್ಳೆಯವರನ್ನು ಮಾತ್ರ. ಮೇಲಾಗಿ ಎನ್‌ಸಿ ಪಠ್ಯವನ್ನು ವಿಕಿಪೀಡಿಯ ತೆಗೆದುಕೊಳ್ಳುವುದಿಲ್ಲ, ಡೆಬಿಯನ್ನೂ ಮುಕ್ತ ಎಂದು ಎಣಿಸುವುದಿಲ್ಲ.

ಗೆಳೆಯನ ಆತಂಕಕ್ಕೆ, ಇದೇ ಷರತ್ತಿನಲ್ಲಿ ಹಂಚಿ ಎನ್ನುವ ಎಸ್‌ಎ ಷರತ್ತೇ ಬಹುಪಾಲು ಉತ್ತರ ಎಂಬುದು ನನ್ನ ನಂಬಿಕೆ. ಕಂಪ್ಯೂಟರ್ ಸೆಂಟರಿನವನು ಮಾರಲಿ. ಆದರೆ ಅವನು ಕೊಳ್ಳುವವರಿಗೂ ಅದೇ ಹಕ್ಕು ಕೊಡಬೇಕು. ಮುನ್ನೂರಕ್ಕೆ ಕೊಂಡವನು ಮೂವತ್ತಕ್ಕೆ ಅಚ್ಚು ಹಾಕಿ ಹಂಚಬಹುದು. ಅವನು ಹೊಸ ಅಧ್ಯಾಯ ಸೇರಿಸಿದ್ದರೆ ಅದು ನಮಗೂ ಸಿಗುತ್ತದೆ. ಈ ಮಾತಿಗೆ ಗೆಳೆಯ ಕೂಡಲೇ ತಲೆದೂಗಲಿಲ್ಲ. ಮೂರು ಭಾನುವಾರ ಬೇಕಾಯಿತು.

ಇನ್ನೊಬ್ಬಳು ಗೆಳತಿ ಇನ್ನೊಂದು ತುದಿಗೆ ಎಳೆದಳು. ಯಾವ ಷರತ್ತೂ ಬೇಡ, ಎಲ್ಲ ಹಕ್ಕನ್ನೂ ಬಿಟ್ಟುಕೊಡುವ ಸಿಸಿ-ಜೀರೊ ಹಾಕಿ ಬಿಟ್ಟುಬಿಡೋಣ ಎಂದಳು. ಹೃದಯದಿಂದ ಬಂದ ಮಾತು. ನಮ್ಮ ಕಾಯ್ದೆಯ 21ನೇ ಕಲಮಿನಂತೆ ಬರೆದವರು ಹಕ್ಕನ್ನು ಬಿಟ್ಟುಕೊಡಬಹುದು ಕೂಡ, ಅದಕ್ಕೆ ರಿಜಿಸ್ಟ್ರಾರರಿಗೆ ಸೂಚನೆ ಕೊಡಬಹುದು, 2012ರ ತಿದ್ದುಪಡಿಯ ಮೇಲೆ ಸಾರ್ವಜನಿಕ ಸೂಚನೆಯೂ ಸಾಕು. ಹಾಗೆ ಬಿಟ್ಟರೂ ತನ್ನ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು 57ನೇ ಕಲಮಿನಡಿ ಬರೆದವರ ಬಳಿ ಉಳಿಯುತ್ತದೆ. ಸಮುದಾಯ ಸೇರಿ ಬರೆಯುವ ಕೆಲಸದಲ್ಲಿ ಹೆಸರೊಂದೇ ಸಂಬಳ. ಅದನ್ನು ಕೇಳುವ ಹಕ್ಕನ್ನಾದರೂ ಇಟ್ಟುಕೊಳ್ಳೋಣ ಎಂದು ಉಳಿದವರು ಹೇಳಿದೆವು.

ಅವಳ ಮಾತಿಗೆ ಸರಿಯಾದ ಜಾಗ ಸಿಕ್ಕಿದ್ದು ಕೋಡ್ ಉದಾಹರಣೆಗಳಲ್ಲಿ. ಕೈಪಿಡಿಯ ನಡುವೆ ಐದು ಸಾಲಿನ, ಹತ್ತು ಸಾಲಿನ ಆದೇಶಗಳಿರುತ್ತವೆ. ಓದುವವರು ಅವನ್ನು ಹಾಗೇ ಎತ್ತಿ ತಮ್ಮ ಪ್ರೋಗ್ರಾಮಿನಲ್ಲಿ ಹಾಕಿಕೊಳ್ಳುತ್ತಾರೆ, ಹಾಕಿಕೊಳ್ಳಲೆಂದೇ ನಾವು ಬರೆದದ್ದು. ಅವಕ್ಕೆ ಎಸ್‌ಎ ಷರತ್ತು ಹಚ್ಚಿದರೆ ಅವರ ಇಡೀ ಪ್ರೋಗ್ರಾಮಿಗೆ ತೊಡಕು. ಕ್ರಿಯೇಟಿವ್ ಕಾಮನ್ಸಿನವರೇ ತಮ್ಮ ಸಾಮಾನ್ಯ ಪರವಾನಗಿಗಳನ್ನು ತಂತ್ರಾಂಶಕ್ಕೆ ಬಳಸಬೇಡಿ ಎನ್ನುತ್ತಾರೆ. ಜಾಲತಾಣ ಕಟ್ಟುವವರೆಲ್ಲ ನೋಡುವ ಮೊಜಿಲ್ಲಾದ ಎಂಡಿಎನ್ ಕೈಪಿಡಿಯಲ್ಲಿ ಬರಹ ಸಿಸಿ-ಬೈ-ಎಸ್‌ಎ, ಆದರೆ 2010ರ ಆಗಸ್ಟ್ 20ರಿಂದ ಸೇರಿದ ಕೋಡ್ ಮಾದರಿಗಳು ಸಿಸಿ-ಜೀರೊ. ಪೈಥಾನ್ ಭಾಷೆಯವರು 2020ರಲ್ಲಿ ಬಂದ 3.8.6 ಆವೃತ್ತಿಯಿಂದ ತಮ್ಮ ಕೈಪಿಡಿಯ ಉದಾಹರಣೆಗಳನ್ನು ತಮ್ಮ ಪರವಾನಗಿಯ ಜೊತೆಗೆ, ಹೆಸರು ಹೇಳುವ ಷರತ್ತೂ ಇಲ್ಲದ ಜೀರೊ-ಕ್ಲಾಝ್ ಬಿಎಸ್‌ಡಿ ಅಡಿಯೂ ಕೊಟ್ಟಿದ್ದಾರೆ. ನಾವು ಎರಡನೆಯ ದಾರಿ ಹಿಡಿದೆವು. ಸಿಸಿ-ಜೀರೊ ಪೇಟೆಂಟ್ ಹಕ್ಕುಗಳನ್ನು ಹೊರಗಿಡುವುದರಿಂದ ಫೆಡೋರಾ ಎಂಬ ಲಿನಕ್ಸ್ ಸಮುದಾಯ 2022ರಲ್ಲಿ ಅದನ್ನು ಕೋಡಿಗೆ ಒಪ್ಪುವುದನ್ನು ನಿಲ್ಲಿಸಿತು, ಕೋಡಿಗೆಂದೇ ಬರೆದ ಪರವಾನಗಿ ಇರುವಾಗ ಆ ಸಂಶಯವೇ ಬೇಡ ಎನಿಸಿತು.

ತಂತ್ರಾಂಶದ ಒಳಗೇ ಕೂರುವ ಸಹಾಯ ಪಠ್ಯದ್ದು ಬೇರೆ ಲೆಕ್ಕ. ಗುಂಡಿ ಒತ್ತಿದರೆ ಕಾಣುವ ವಿವರಣೆ, ಕೋಡಿನ ಜೊತೆ ಬೆಳೆಯುವ ಟಿಪ್ಪಣಿ, ಇವು ತಂತ್ರಾಂಶದ ಪರವಾನಗಿಯಲ್ಲೇ ಇರುವುದು ಒಳ್ಳೆಯದು, ಜಿಸಿಸಿಯವರ ಪಾಡು ನಮಗೆ ಬೇಡ. ಹೊರಗಿನ ಕೈಪಿಡಿಯಿಂದ ಒಳಕ್ಕೆ ಪಠ್ಯ ಒಯ್ಯಬೇಕಾದಾಗ 2015ರ ಅಕ್ಟೋಬರಿನಲ್ಲಿ ಬಂದ ಒಂದು ಘೋಷಣೆ ಸಹಾಯಕ್ಕೆ ಬರುತ್ತದೆ: ಸಿಸಿ-ಬೈ-ಎಸ್‌ಎ 4.0 ಪಠ್ಯವನ್ನು ಜಿಪಿಎಲ್ 3ನೇ ಆವೃತ್ತಿಯ ಕೆಲಸಕ್ಕೆ ಸೇರಿಸಬಹುದು. ಇದು ಏಕಮುಖ ರಸ್ತೆ. ಒಳಗೆ ಹೋದದ್ದು ಅದೇ ದಾರಿಯಲ್ಲಿ ಹೊರಗೆ ಬರುವಂತಿಲ್ಲ. 4.0 ಎಂಬ ಅಂಕಿ ಇಲ್ಲಿ ಮುಖ್ಯ, ಹಳೆಯ ಆವೃತ್ತಿಗಳಿಗೆ ಈ ರಸ್ತೆ ಇಲ್ಲ. ವಿಕಿಪೀಡಿಯ ಕೂಡ 2023ರ ಜೂನಿನಲ್ಲಿ 4.0ಕ್ಕೆ ಬಂದಿದೆ.

ಆಯ್ಕೆ ಮುಗಿದ ಮೇಲೆ ಕಷ್ಟದ ಕೆಲಸ ಶುರುವಾಯಿತು. ನಮ್ಮ ಕೈಪಿಡಿಯ ಒಂದೊಂದು ಪುಟದ ಮೂಲ ಹುಡುಕಬೇಕಿತ್ತು. ಲಿಬ್ರೆಆಫೀಸಿನ ಅಧ್ಯಾಯ ಅವರ ಇಂಗ್ಲಿಷ್ ಮಾರ್ಗದರ್ಶಿಯ ಅನುವಾದ. ಅನುವಾದವೂ ಮೂಲದ ಹಕ್ಕಿಗೆ ಒಳಪಟ್ಟದ್ದೇ. ಪುಣ್ಯಕ್ಕೆ ಅವರು ಮಾರ್ಗದರ್ಶಿಗಳನ್ನು ಜಿಪಿಎಲ್ ಅಥವಾ ಹೆಸರನ್ನಷ್ಟೇ ಕೇಳುವ ಸಿಸಿ-ಬೈ, ನಿಮಗೆ ಯಾವುದು ಬೇಕೋ ಅದು ಎಂದು ಎರಡರಲ್ಲೂ ಕೊಡುತ್ತಾರೆ. ಸಿಸಿ-ಬೈ ದಾರಿಯಲ್ಲಿ ಬಂದು, ಹೆಸರು ಹಾಕಿ, ನಮ್ಮ ಸಿಸಿ-ಬೈ-ಎಸ್‌ಎ ಒಳಗೆ ಸೇರಿಸಿಕೊಂಡೆವು. ಎರಡು ಬಾಗಿಲು ಇಟ್ಟ ಮನೆಯ ಉಪಕಾರ ಅಂದು ತಿಳಿಯಿತು. ವೈಫೈ ಹೊಂದಿಸುವ ಮೂರು ಪುಟಗಳು ಆರ್ಚ್‌ವಿಕಿಯಿಂದ ಅನುವಾದಿಸಿದವು ಎಂದು ಬರೆದವನೇ ನೆನಪಿಸಿಕೊಂಡು ಹೇಳಿದ. ಅವನ್ನು ತೆಗೆದು, ಮೂಲ ನೋಡದೆ ಇನ್ನೊಬ್ಬರು ಹೊಸದಾಗಿ ಬರೆದರು. ಚಿತ್ರಗಳನ್ನೂ ಮತ್ತೆ ತೆಗೆದೆವು, ಕಂಪನಿಗಳ ಲಾಂಛನ ಕಾಣದಂತೆ. ಲಾಂಛನ ಟ್ರೇಡ್‌ಮಾರ್ಕಿನ ವಿಷಯ, ನಮ್ಮ ಪರವಾನಗಿಗೆ ಅದರ ಮೇಲೆ ಅಧಿಕಾರವಿಲ್ಲ.

ಇನ್ನು ಹದಿನಾಲ್ಕು ಮಂದಿಯ ಒಪ್ಪಿಗೆ. ಓಪನ್‌ಸ್ಟ್ರೀಟ್‌ಮ್ಯಾಪ್ ನಕಾಶೆಯವರು 2012ರಲ್ಲಿ ಪರವಾನಗಿ ಬದಲಾಯಿಸಿದಾಗ ಒಪ್ಪದವರು, ಉತ್ತರವೇ ಕೊಡದವರು ಎಳೆದಿದ್ದ ರಸ್ತೆಗಳನ್ನು ನಕಾಶೆಯಿಂದ ಅಳಿಸಬೇಕಾಗಿತ್ತು. ಅದನ್ನು ಓದಿದ ಮೇಲೆ ನಾವೂ ಹಾಗೇ ನಿಶ್ಚಯಿಸಿದೆವು: ಮೌನವನ್ನು ಒಪ್ಪಿಗೆ ಎಂದು ಎಣಿಸುವುದಿಲ್ಲ. ಒಂಬತ್ತು ಮಂದಿ ವಾರದೊಳಗೆ ಬರೆದು ಕೊಟ್ಟರು. ಒಬ್ಬರು ತಾವು ಬರೆದದ್ದು ಆಫೀಸಿನ ಕೆಲಸದ ಭಾಗವಾಗಿತ್ತೇ ಎಂದು ಯೋಚಿಸಿ ಅಲ್ಲಿಂದ ಪತ್ರ ತಂದರು. ಒಪ್ಪಂದ ಬೇರೆ ಇರದಿದ್ದರೆ ನೌಕರಿಯಲ್ಲಿ ಬರೆದದ್ದಕ್ಕೆ ಮಾಲೀಕರೇ ಮೊದಲ ಹಕ್ಕುದಾರರು, ಹಾಗಾಗಿ ಅವರ ಎಚ್ಚರ ಸರಿಯಾದದ್ದು. ಇಬ್ಬರು ವಿದೇಶದಲ್ಲಿದ್ದರು, ಫೋನ್ ನಂಬರ್ ಬದಲಾಗಿತ್ತು, ಸಿಗಲು ನಾಲ್ಕು ತಿಂಗಳಾಯಿತು. ಎನ್‌ಸಿ ಗೆಳೆಯ ಮೂರನೇ ಭಾನುವಾರ ಸಹಿ ಹಾಕಿದ. ಬರೆಯುವ ದಿನವೇ 'ನಾನು ಕೊಡುವುದನ್ನು ಈ ಪರವಾನಗಿಯಡಿ ಕೊಡುತ್ತಿದ್ದೇನೆ' ಎಂದು ಒಂದು ಗುರುತು ಹಾಕಿಸಿಕೊಂಡಿದ್ದರೆ ಇದಾವುದೂ ಬೇಕಿರಲಿಲ್ಲ. ಲಿನಕ್ಸ್ ಕರ್ನಲ್ ಬರೆಯುವವರು 2004ರಿಂದ ಪ್ರತಿ ಬದಲಾವಣೆಯ ಕೆಳಗೆ ಒಂದು ಸಾಲು ಸಹಿ ಹಾಕುವುದು ಇದಕ್ಕಾಗಿಯೇ.

ಹದಿನಾಲ್ಕನೆಯವರು ತೀರಿಕೊಂಡಿದ್ದರು. ಕೀಲಿಮಣೆಯ ಅಧ್ಯಾಯ ಅವರದು. ಒತ್ತಕ್ಷರ ಮೂಡಿಸುವುದು ಹೇಗೆ, ಅರ್ಕಾವತ್ತು ಎಲ್ಲಿ ಕೂರುತ್ತದೆ ಎಂದು ಅಷ್ಟು ತಾಳ್ಮೆಯಿಂದ ಇನ್ಯಾರೂ ಬರೆದಿರಲಿಲ್ಲ. ಹಕ್ಕು ಈಗ ಅವರ ಮನೆಯವರದು. ಹೇಗೆ ಕೇಳುವುದು ಎಂದು ತಿಳಿಯದೆ ಎರಡು ವಾರ ಸುಮ್ಮನಿದ್ದು, ಕೊನೆಗೆ ಒಂದು ಸಂಜೆ ಅವರ ಮನೆಗೆ ಹೋದೆ. ಅತ್ತಿಗೆ ಕಾಫಿ ಕೊಟ್ಟರು. ಪರವಾನಗಿಯ ವಿಷಯ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಅವರ ಹೆಸರು ಇರುತ್ತಾ?"

"ಇರುತ್ತೆ ಅತ್ತಿಗೆ. ಯಾರು ಎಲ್ಲಿ ಅಚ್ಚು ಹಾಕಿದರೂ ಹೆಸರು ಹಾಕಲೇಬೇಕು. ಅದೇ ಮೊದಲ ಷರತ್ತು."

"ಮಕ್ಕಳು ಓದ್ತಾರಲ್ವಾ?" ಎಂದು ಕೇಳಿ, ಕನ್ನಡಕ ತಂದು, ಕಾಗದವನ್ನು ಪೂರ್ತಿ ಓದಿಯೇ ಸಹಿ ಹಾಕಿದರು.

ಆ ಬೇಸಿಗೆಯಲ್ಲಿ ಮಲೆನಾಡಿನಿಂದ ಪಾರ್ಸೆಲ್ ಬಂತು. ತೆಳ್ಳನೆಯ ಪುಸ್ತಕ, ಖರ್ಚಿನ ಬೆಲೆ. ಶಿಕ್ಷಕಿ ನಮ್ಮ ಕೆಲವು ವಾಕ್ಯಗಳನ್ನು ಮುರಿದು ಚಿಕ್ಕದಾಗಿಸಿದ್ದರು, ಅವು ಮೊದಲಿಗಿಂತ ಚೆನ್ನಾಗಿದ್ದವು. ನಾವೂ ನಮ್ಮ ಪ್ರತಿಯಲ್ಲಿ ಹಾಗೇ ತಿದ್ದಿಕೊಂಡೆವು. ಕೊನೆಯ ಪುಟದಲ್ಲಿ ನಾವು ಕಳಿಸಿದ್ದ ಎರಡು ಸಾಲು: ಬರಹ ಸಿಸಿ-ಬೈ-ಎಸ್‌ಎ 4.0 ಪರವಾನಗಿಯಲ್ಲಿದೆ, ಕೋಡ್ ಉದಾಹರಣೆಗಳು ಜೀರೊ-ಕ್ಲಾಝ್ ಬಿಎಸ್‌ಡಿ ಪರವಾನಗಿಯಲ್ಲಿವೆ. ಅದರ ಮೇಲೆ ಹೆಸರುಗಳ ಪಟ್ಟಿ. ನಾವು ಕೊಟ್ಟದ್ದು ಹದಿನಾಲ್ಕು, ಅಲ್ಲಿ ಹದಿನೇಳು ಇದ್ದವು. ಶಿಕ್ಷಕಿಯ ಹೆಸರಿನ ಕೆಳಗೆ, ಚಿತ್ರ ತೆಗೆದವರು ಎಂದು, ಹತ್ತನೇ ತರಗತಿಯ ಇಬ್ಬರು ಮಕ್ಕಳ ಹೆಸರಿತ್ತು.